ನಟ್ ಬಿಗಿಯುವಾಗ ಗನ್ ಕೆಳಗಿಡಿ ಮಾರಾಯ್ರೇ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಅಂಗೈಯಲ್ಲಿ ಒಂದು ತುಂಡು ಹಿಡಿದುಕೊಂಡು ಬಂದ. ಕಾರಿನ ವೀಲ್ ಬೋಲ್ಟ್. ನಟ್ ಕಚ್ಚಿಕೊಂಡೇ ಇದೆ, ಬುಡದಲ್ಲಿ ಕಟ್ ಆಗಿದೆ, ಮುರಿದ ಜಾಗ ಬೆಳ್ಳಗೆ ಹೊಳೆಯುತ್ತಿದೆ. ನಟ್ ಬಿಚ್ಚುವ ಬ್ಯಾಟರಿ ಗನ್, ಅಂದರೆ ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್, ತಂದು ಎರಡು ದಿನ ಆಗಿಲ್ಲ. "ಅಣ್ಣ, ಟ್ರಿಗರ್ ಒತ್ತಿದ್ದು ಸ್ವಲ್ಪವೇ" ಅಂದ. ಅವನಿಗೆ ಏನು ಬೈಯುವುದು? ನನಗೆ ಸಿಟ್ಟು ಬಂದದ್ದು ಡಬ್ಬದ ಮೇಲಿನ ನಂಬರ್ ನೋಡಿ. ತಿರುಗಿಸುವ ಜೋರು (ಟಾರ್ಕ್) 1000 ನ್ಯೂಟನ್ ಮೀಟರ್ ಅಂತೆ!

ನಮ್ಮ ಸಣ್ಣ ಕಾರುಗಳ ವೀಲ್ ನಟ್‌ಗೆ ಬೇಕಾದ್ದು ಹೆಚ್ಚುಕಡಿಮೆ 85ರಿಂದ 110. ಸಾವಿರ ಯಾಕೆ? ಅದೂ ನಿಜವಾದ ಸಾವಿರವೇ ಆಗಿದ್ದರೆ. ಅಗ್ಗದ ಕೆಲವು ಮೆಷಿನ್‌ಗಳ ಮೇಲೆ 48, 88 ಅಂತ ವೋಲ್ಟ್ ಲೆಕ್ಕದಂತೆ ದೊಡ್ಡದಾಗಿ ಬರೆದಿರುತ್ತಾರೆ, ಒಳಗೆ ನೋಡಿದರೆ ಸಾಲಿಗೆ ಐದು ಸೆಲ್. ಒಂದಕ್ಕೆ 3.6, ಐದಕ್ಕೆ 18 ವೋಲ್ಟ್. ಫುಲ್ ಚಾರ್ಜ್ ಆದಾಗ 21. ಅಷ್ಟೇ.

ನಮ್ಮ ಊರಿಗೆ ಜೋರು ಬೇಕು, ಒಪ್ಪುತ್ತೇನೆ. ಸುರತ್ಕಲ್‌ನಲ್ಲಿ ಮನೆ, ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ. ನಟ್ ತುಕ್ಕು ಹಿಡಿದು ಕೂತರೆ ಕೈಗೆ ಜಗ್ಗುವುದಿಲ್ಲ. ಆದರೂ ಬಿಚ್ಚಲು ನಿಜವಾದ 300, 400 ಇದ್ದರೆ ಧಾರಾಳ ಸಾಕು. ಅರ್ಧ ಇಂಚಿನ ಡ್ರೈವ್ (ಸಾಕೆಟ್ ಸಿಕ್ಕಿಸುವ ಚೌಕದ ಅಳತೆ), ಬ್ರಶ್‌ಲೆಸ್ (ಕಾರ್ಬನ್ ಬ್ರಶ್ ಇಲ್ಲದ) ಮೋಟಾರ್, ಸರ್ವಿಸ್ ಮಂಗಳೂರಲ್ಲೇ ಸಿಗುವ ಕಂಪನಿ. ಅದೇ ಕಂಪನಿಯ ಡ್ರಿಲ್ ಮನೆಯಲ್ಲಿದ್ದರೆ ಅದರ ಬ್ಯಾಟರಿ ಇದಕ್ಕೂ ಆಗುತ್ತದಾ ಕೇಳಿ, ಆಗುವುದಾದರೆ ಮೆಷಿನ್ ಮಾತ್ರ ತಗೊಳ್ಳಿ, ದುಡ್ಡು ಉಳಿಯುತ್ತದೆ. ನಟ್ ಮೇಲೆ ಕೂರುವ ಸಾಕೆಟ್ ಮಾತ್ರ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಆಗಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಒಡೆದು ಚೂರು ಕಣ್ಣಿಗೆ ಹಾರಬಹುದು.

ಬಿಗಿಯುವಾಗ ಮಾತ್ರ ಗನ್ ಕೆಳಗಿಡಿ. ದಯವಿಟ್ಟು. ಒಳಗೆ ಒಂದು ಸುತ್ತಿಗೆ ನಿಮಿಷಕ್ಕೆ ಸಾವಿರಾರು ಏಟು ಹೊಡೆಯುತ್ತಿರುತ್ತದೆ. ಆ ಜೋರೆಲ್ಲ ನಟ್‌ಗೆ ಹೋಗುತ್ತದೆ, ನಿಮ್ಮ ಮಣಿಕಟ್ಟಿಗೆ ಬರುವುದು ತೀರಾ ಕಡಿಮೆ. ಎಷ್ಟು ಬಿಗಿಯಾಯಿತು ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಹುಡುಗನಿಗೆ ಆದದ್ದೂ ಅದೇ. ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಎದುರುಬದುರು ನಟ್ ಸ್ವಲ್ಪ ಸ್ವಲ್ಪವೇ ಬಿಗಿದು, ಜಾಕಿ ಇಳಿಸಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ (ನಾವು ಇಟ್ಟ ಅಳತೆಗೆ ಬಿಗಿಯಾದಾಗ ಸದ್ದು ಮಾಡುವ ಕೈ ಸ್ಪ್ಯಾನರ್) 'ಟಕ್' ಅನ್ನುವವರೆಗೆ.

ಪಂಚರ್ ಅಂಗಡಿಯವರು ದಿನಾ ಗನ್‌ನಲ್ಲೇ ಬಿಗಿಯುತ್ತಾರಲ್ಲ ಅಂತೀರಿ, ಅಲ್ವಾ? ಬಿಗಿಯುತ್ತಾರೆ. ಅದರ ಫಲ ನಾನು ಉಂಡಿದ್ದೇನೆ. ಒಂದು ಜುಲೈ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಟೈರ್ ಪಂಚರ್. ಜಡಿಮಳೆ, ಒಳಗೆ ಅಮ್ಮ. ವಾರದ ಹಿಂದೆಯಷ್ಟೇ ಟೈರ್ ಬದಲಿಸಿದವರು ಗನ್ ಇಟ್ಟು ಗರ್ರನೆ ಬಿಗಿದಿದ್ದರು. ಕಾರಿನ ಜೊತೆ ಬಂದ ಸ್ಪ್ಯಾನರ್ ಮೇಲೆ ಹತ್ತಿ ನಿಂತೆ, ಜಾರಿ ಮೊಣಕಾಲು ಒಡೆಯಿತು, ನಟ್ ಅಲುಗಲಿಲ್ಲ. ಇದುವರೆಗೆ ಯಾರಿಗೂ ಹೇಳಿಲ್ಲ, ಆವತ್ತು ಹೆದರಿ ಡಿಕ್ಕಿಯ ಹಿಂದೆ ನಿಂತು ಅತ್ತಿದ್ದೆ. ಕೊನೆಗೆ ಒಬ್ಬ ಲಾರಿ ಡ್ರೈವರ್ ಸ್ಪ್ಯಾನರಿಗೆ ಉದ್ದ ಪೈಪ್ ತುರುಕಿಸಿ ಬಿಚ್ಚಿಕೊಟ್ಟರು. ಗನ್ ಎಲ್ಲರ ಡಿಕ್ಕಿಯಲ್ಲಿ ಇರುವುದಿಲ್ಲ.

ಸಂಜೆ ಹುಡುಗನಿಗೆ ನನ್ನ ಟಾರ್ಕ್ ರೆಂಚ್ ಕೊಟ್ಟೆ. ಉಳಿದ ಮೂರು ನಟ್ ಸಡಿಲಿಸಿ ಮತ್ತೆ ಅವನ ಕೈಯಲ್ಲೇ ಬಿಗಿಸಿದೆ. ಮೊದಲ 'ಟಕ್'ಗೆ "ಇಷ್ಟೇ ಸಾಕಾ ಅಣ್ಣ?" ಅಂದ. ಇಷ್ಟೇ. ಹೊಸ ಬೋಲ್ಟ್ ಬರುವವರೆಗೆ ಕಾರು ಶೆಡ್‌ನಲ್ಲೇ ಇರಲಿ ಅಂದಿದ್ದೇನೆ.