ರಿಲೀಸ್ ಫೈಲ್ ಇಲ್ಲ ಸ್ವಾಮಿ!

ಲಿನಕ್ಸ್ ಬಳಸುವವರಿಗೆ ಒಂದು ಚಟ ಇರುತ್ತದೆ. ಕೆಲಸ ಇರಲಿ ಬಿಡಲಿ, ಟರ್ಮಿನಲ್ ತೆರೆದು 'ಸುಡೋ ಆಪ್ಟ್ ಅಪ್‌ಡೇಟ್' ಎಂದು ಕುಟ್ಟುವುದು. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಸಾಫ್ಟ್‌ವೇರ್ ತಂದುಕೊಡುವ ಆಪ್ಟ್‌ಗೆ, ಹೊಸದೇನು ಬಂದಿದೆ ನೋಡಿಕೊಂಡು ಬಾ ಅನ್ನುವ ಆಜ್ಞೆ ಅದು. ಪಾಸ್‌ವರ್ಡ್ ಕೊಟ್ಟಿದ್ದೇ ತಡ, ಸಾಲುಗಳು ಸರಸರ ಓಡುತ್ತವೆ. ಹಿಟ್, ಹಿಟ್, ಗೆಟ್, ಹಿಟ್. ಪಕ್ಕದಲ್ಲಿ ಕೂತವರಿಗೆ ಏನೋ ಭಾರೀ ಕೆಲಸ ನಡೀತಿದೆ ಅನಿಸಬೇಕು. ನಮಗೂ ಹಾಗೇ ಅನಿಸುತ್ತದೆ, ಅದೇ ಮಜಾ.

ಮಜಾ ಮುಗಿಯುವುದು ಕೊನೆಯ ಸಾಲುಗಳಲ್ಲಿ. ಡಬ್ಲ್ಯೂ ಅಂತ ಶುರುವಾದರೆ ವಾರ್ನಿಂಗ್, ಇ ಅಂದರೆ ಎರರ್, ಎನ್ ಅಂದರೆ ನೋಟಿಸ್. ಡಬ್ಲ್ಯೂ ಬಂದರೆ ಯಾರೂ ಓದುವುದಿಲ್ಲ. ಇ ಬಂದರೂ ಓದುವುದಿಲ್ಲ, ಕಾಪಿ ಮಾಡಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತೇವೆ. ಎನ್ ಅನ್ನುವುದು ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ನನ್ನ ಕಂಪ್ಯೂಟರ್ ಬಹಳ ಕಾಲ ಹಿಡಿದಿದ್ದ ಹಟ ಒಂದೇ. ಇಂಥ ರೆಪೊಸಿಟರಿಗೆ, ಅಂದರೆ ಸಾಫ್ಟ್‌ವೇರ್ ಇಟ್ಟಿರುವ ಇಂಥ ಉಗ್ರಾಣಕ್ಕೆ, ರಿಲೀಸ್ ಫೈಲ್ ಇಲ್ಲ. ಕೆಳಗೆ ನೋಟಿಸ್: ಅಲ್ಲಿಂದ ಸುರಕ್ಷಿತವಾಗಿ ಅಪ್‌ಡೇಟ್ ಮಾಡೋಕೆ ಆಗಲ್ಲ, ಅದಕ್ಕೇ ನಿಲ್ಲಿಸಿದ್ದೇನೆ. ಸರಿ, ನ್ಯಾಯವೇ. ಅದರ ಕೆಳಗೆ ಇನ್ನೊಂದು ನೋಟಿಸ್: ರೆಪೊಸಿಟರಿ ತಯಾರಿಸುವ ವಿವರಕ್ಕೆ ಆಪ್ಟ್-ಸೆಕ್ಯೂರ್ ಕೈಪಿಡಿ ನೋಡಿ. ಅಲ್ಲಾ ಮಾರಾಯ, ನಾನು ಕೇಳಿದ್ದು ಅಪ್‌ಡೇಟ್. ನೀನು ನನ್ನ ಕೈಯಲ್ಲಿ ರೆಪೊಸಿಟರಿಯನ್ನೇ ಕಟ್ಟಿಸೋಕೆ ಹೊರಟೆಯಲ್ಲ!

ಆಗಿದ್ದು ಇಷ್ಟೇ. ರಿಲೀಸ್ ಫೈಲ್ ಅಂದರೆ ರೆಪೊಸಿಟರಿಯ ಸಹಿ ಹಾಕಿದ ಪಟ್ಟಿ. ಒಳಗೆ ಯಾವ ಯಾವ ಸೂಚಿ ಫೈಲುಗಳಿವೆ, ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡಲು ಒಂದೊಂದರ ಚೆಕ್‌ಸಮ್ ಎಷ್ಟು, ಎಲ್ಲಾ ಅದರಲ್ಲಿರುತ್ತದೆ. ಸಿಸ್ಟಮ್ಮಿನ ಒಂದೊಂದು ಆವೃತ್ತಿಗೆ ಒಂದೊಂದು ಸಂಕೇತನಾಮ, ಆ ಹೆಸರಿಗೆ ಬೇರೆಯೇ ಪಟ್ಟಿ. ಯಾರೋ ಪುಣ್ಯಾತ್ಮ ಬಿಡುವಿನಲ್ಲಿ ಪಿಪಿಎ ಅನ್ನುವ ಸ್ವಂತದ ಪುಟ್ಟ ರೆಪೊಸಿಟರಿ ತೆರೆದು ಹಳೆ ಆವೃತ್ತಿಗೆ ಪ್ಯಾಕೇಜ್ ಮಾಡಿಟ್ಟಿರುತ್ತಾರೆ. ಆಮೇಲೆ ಅವರಿಗೆ ಮದುವೆಯೋ ಮಕ್ಕಳೋ ಹೊಸ ಕೆಲಸವೋ. ನಾವು ಹೊಸ ಆವೃತ್ತಿಗೆ ದಾಟಿ ಹೊಸ ಹೆಸರಲ್ಲಿ ಕೇಳುತ್ತೇವೆ, ಅಲ್ಲಿಂದ ಅಂಥದ್ದು ಇಲ್ಲಿಲ್ಲ ಅನ್ನುವ 404 ಬರುತ್ತದೆ. ಬಾಡಿಗೆದಾರರು ಖಾಲಿ ಮಾಡಿ ಹೋದ ಮನೆಯ ಬಾಗಿಲನ್ನು ದಿನಾ ಬೆಳಿಗ್ಗೆ ಬಡಿದು, "ಇನ್ನೂ ತೆಗೀತಿಲ್ಲ ಸಾರ್" ಅಂತ ನಮಗೆ ವರದಿ ಒಪ್ಪಿಸುತ್ತದೆ ಆಪ್ಟ್. ದಣಿವೇ ಇಲ್ಲ ಅದಕ್ಕೆ.

ಈ ವಿಳಾಸಗಳೆಲ್ಲ ಇರುವುದು ಇಟಿಸಿ ಒಳಗೆ, ಆಪ್ಟ್ ಒಳಗೆ, ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಎಂಬ ಫೋಲ್ಡರಿನಲ್ಲಿ. ಒಮ್ಮೆ ಅದರೊಳಗೆ ಇಣುಕಿ ನೋಡಿ. ಡೆಸ್ಕ್‌ಟಾಪ್ ಮೇಲೆ ಹವಾಮಾನ ತೋರಿಸುವ ಸಾಫ್ಟ್‌ವೇರ್. ಐಕಾನುಗಳನ್ನು ದುಂಡಗೆ ಮಾಡುವ ಥೀಮ್. ಯೂಟ್ಯೂಬ್ ಚಾನೆಲ್ ಶುರು ಮಾಡುವ ಉಮೇದಿನಲ್ಲಿ ಹಾಕಿಕೊಂಡ ಸ್ಕ್ರೀನ್ ರೆಕಾರ್ಡರ್. ಚಾನೆಲ್ ಶುರುವಾಗಲಿಲ್ಲ, ರೆಕಾರ್ಡರ್ ಅಳಿಸಿದ್ದೂ ಆಯಿತು. ಆದರೆ ಸಾಫ್ಟ್‌ವೇರ್ ತೆಗೆದರೆ ಅದರ ರೆಪೊಸಿಟರಿ ತಾನಾಗಿ ಹೋಗುವುದಿಲ್ಲ. ಹೊಸದೇನು ಬಂದಿದೆ ಅಂತ ಕೇಳಿದಾಗಲೆಲ್ಲ ಈ ಯಂತ್ರ ನನ್ನ ಹಳೆ ಹುಚ್ಚುಗಳ ಹಾಜರಿ ಕರೆಯುತ್ತದೆ!

ಮದ್ದು ಸುಲಭ. ಹಳೆ ಮಾದರಿಯ ಡಾಟ್ ಲಿಸ್ಟ್ ಫೈಲಾದರೆ ಆಪ್ಟ್ ಓದದೆ ಬಿಡುವಂತೆ ಆ ಸಾಲಿನ ಮುಂದೆ ಒಂದು ಹ್ಯಾಶ್ ಚಿಹ್ನೆ. ಹೊಸ ಮಾದರಿಯ ಡಾಟ್ ಸೋರ್ಸಸ್ ಆದರೆ 'ಎನೇಬಲ್ಡ್: ನೋ' ಎಂಬ ಸಾಲು. ಉಬುಂಟು 24.04ರಲ್ಲಿ ಮುಖ್ಯ ಪಟ್ಟಿಯೇ ಈ ಹೊಸ ಮಾದರಿಗೆ ಬಂದಿದೆ. ಹಳೇ ಸೋರ್ಸಸ್ ಡಾಟ್ ಲಿಸ್ಟ್ ತೆರೆದರೆ, ನಾವು ಇಂಥ ಕಡೆಗೆ ಹೋಗಿದ್ದೇವೆ ಅನ್ನುವ ಒಂದು ಕಾಮೆಂಟ್ ಮಾತ್ರ ಸಿಗುತ್ತದೆ. ಹಳೆ ಸಲಹೆಗಳನ್ನು ಓದಿಕೊಂಡು ಬಂದವರು ಆ ಖಾಲಿ ಫೈಲ್ ನೋಡಿ ಎದೆ ಹಿಡಿದುಕೊಳ್ಳುವುದು ಸಹಜ.

ಇನ್ನು ಸಹಿ ಪರೀಕ್ಷಿಸುವ ಕೀಲಿ, ಅಂದರೆ ಪಬ್ಲಿಕ್ ಕೀ ಇಲ್ಲ ಅನ್ನುವ ತಕರಾರು. ಸಹಿ ಇದೆ, ಯಾರದು ಅಂತ ಗೊತ್ತಾಗುತ್ತಿಲ್ಲ ಅನ್ನುತ್ತದೆ. ಜೊತೆಗೆ ಅಂಕಿ ಅಕ್ಷರ ಕಲಸಿದ 16 ಅಕ್ಷರಗಳ ಒಂದು ಗುರುತು. ಮೊದಲು ಇದಕ್ಕೆ ಆಪ್ಟ್-ಕೀ ಅಂತ ಒಂದು ಆಜ್ಞೆ ಇತ್ತು. ಈಗ ಅದನ್ನು ಕೈಬಿಟ್ಟಿದ್ದಾರೆ. ಹಾಗೆ ಸೇರಿಸಿದ ಕೀಲಿ ಯಾರದ್ದೇ ಇರಲಿ, ಎಲ್ಲಾ ರೆಪೊಸಿಟರಿಗಳಿಗೂ ನಡೆಯುತ್ತಿತ್ತು. ಐಕಾನ್ ದುಂಡಗೆ ಮಾಡುವವರ ಕೀಲಿಯಿಂದ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಪ್ಯಾಕೇಜಿಗೂ ಸಹಿ ಬಿದ್ದರೆ ಗತಿಯೇನು? ಈಗ ಕೀಲಿಯನ್ನು ಕೀರಿಂಗ್ಸ್ ಫೋಲ್ಡರಿನಲ್ಲಿಟ್ಟು, ಇದು ಈ ರೆಪೊಸಿಟರಿಗೆ ಮಾತ್ರ ಅಂತ 'ಸೈನ್ಡ್-ಬೈ' ಬರೆಯಬೇಕು. ಕೆಲಸ ಸ್ವಲ್ಪ ಜಾಸ್ತಿ, ಆದರೆ ಇದೇ ಸರಿ.

ಹ್ಯಾಶ್ ಸಮ್ ಮಿಸ್‌ಮ್ಯಾಚ್ ಅಂತ, ಅಂದರೆ ಚೆಕ್‌ಸಮ್ ತಾಳೆಯಾಗುತ್ತಿಲ್ಲ ಅಂತ ಬಂದರೆ ಸುಮ್ನೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಬಹಳ ಸಲ ರೆಪೊಸಿಟರಿಯ ನಕಲು ಇಟ್ಟಿರುವ ಮಿರರ್ ಸರ್ವರ್ ಆಗಷ್ಟೇ ಹೊಸ ಫೈಲುಗಳನ್ನು ತುಂಬಿಸಿಕೊಳ್ಳುತ್ತಿರುತ್ತದೆ. ಲಾಕ್ ಸಿಗಲಿಲ್ಲ, ಅಂದರೆ ಓಡುತ್ತಿರುವ ಬೇರೆ ಪ್ರೋಗ್ರಾಮ್ (ಪ್ರೋಸೆಸ್) ಆಗಲೇ ಪ್ಯಾಕೇಜುಗಳಿಗೆ ಬೀಗ ಹಾಕಿಕೊಂಡಿದೆ ಅಂದರೂ ಅಷ್ಟೇ. ಹಿಡಿದುಕೊಂಡಿರುವ ಪ್ರೋಸೆಸ್ ಹೆಸರು 'ಅನ್‌ಅಟೆಂಡೆಡ್-ಅಪ್‌ಗ್ರ್' ಅಂತ ಅರ್ಧಕ್ಕೆ ನಿಂತಿರುತ್ತದೆ. ಭೂತವಲ್ಲ, ಹೆದರಬೇಡಿ. ಲಿನಕ್ಸ್ ಪ್ರೋಸೆಸ್ ಹೆಸರಿಗೆ ಕೊಡುವುದೇ 15 ಅಕ್ಷರ. ನಮಗೆ ಹೇಳದೆ ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತಿರುವ ಸಾಧು ಪ್ರಾಣಿ ಅದು. ಲಾಕ್ ಫೈಲ್ ಅಳಿಸಿ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ದಯವಿಟ್ಟು ಕೇಳಬೇಡಿ, ಅರ್ಧ ಇನ್‌ಸ್ಟಾಲ್ ಆದ ಪ್ಯಾಕೇಜನ್ನು ರಿಪೇರಿ ಮಾಡುವುದು ಬೇರೆಯೇ ಪುರಾಣ.

ನನಗೆ ಅತಿ ಪ್ರೀತಿಯ ಎರರ್ ಮಾತ್ರ ಬೇರೆ. ರಿಲೀಸ್ ಫೈಲ್ ಇದೆ, ಸಹಿಯೂ ಸರಿ ಇದೆ, ಆದರೆ 'ಇನ್ನೂ ಸಿಂಧುವಾಗಿಲ್ಲ'. ಇನ್ನು ಇಷ್ಟು ದಿನ, ಇಷ್ಟು ಗಂಟೆ, ಇಷ್ಟು ನಿಮಿಷ ಕಾಯಬೇಕು ಅಂತ ಸೆಕೆಂಡಿನವರೆಗೂ ಲೆಕ್ಕ. ಒಂದು ಹಳೆ ಲ್ಯಾಪ್‌ಟಾಪಿನಲ್ಲಿ ನಾನು ಇದನ್ನು ನೋಡಿದೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿತ್ತು. ಅದರ ಪ್ರಕಾರ ಈ ಫೈಲ್ ಭವಿಷ್ಯದಿಂದ ಬಂದಿದೆ! ಇಡೀ ಜಗತ್ತು ಮುಂದೆ ಓಡುತ್ತಿದೆ, ತಾನು ಸರಿಯಾಗಿದ್ದೇನೆ ಅನ್ನುವ ಆ ಆತ್ಮವಿಶ್ವಾಸ ನೋಡಿ ಹೊಟ್ಟೆಕಿಚ್ಚಾಯಿತು. ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಎನ್‌ಟಿಪಿ ಚಾಲೂ ಮಾಡಿ, ಇಂಟರ್ನೆಟ್ಟಿನಿಂದ ಸಮಯ ತರಿಸಿಕೊಳ್ಳುವಂತೆ ಮಾಡಿದ ಮೇಲೆ ಅದು ವರ್ತಮಾನಕ್ಕೆ ಬಂತು.

ಹೀಗೆ ಎಲ್ಲಾ ಸರಿ ಮಾಡಿ, ಒಂದೂ ಡಬ್ಲ್ಯೂ ಇಲ್ಲದ, ಒಂದೂ ಇ ಇಲ್ಲದ ಪರದೆ ನೋಡಿ, ಗೆದ್ದ ಹುರುಪಿನಲ್ಲಿ, ಬಂದದ್ದನ್ನು ಹಾಕಿಕೋ ಅನ್ನುವ 'ಸುಡೋ ಆಪ್ಟ್ ಅಪ್‌ಗ್ರೇಡ್' ಕುಟ್ಟಿದೆ. ಹೊಸ ಪ್ಯಾಕೇಜುಗಳು ಬಂದಿವೆ, ಆದರೆ ಫೇಸಿಂಗ್, ಅಂದರೆ ಹಂತ ಹಂತವಾಗಿ ಬಿಡುವ ಕಾರಣಕ್ಕೆ ಮುಂದೂಡಲಾಗಿದೆ ಅಂತ ಉತ್ತರ ಬಂತು. ಉಬುಂಟುವಿನಲ್ಲಿ ಕೆಲವು ಅಪ್‌ಡೇಟುಗಳನ್ನು ಎಲ್ಲರಿಗೂ ಒಟ್ಟಿಗೆ ಬಿಡುವುದಿಲ್ಲ. ಮೊದಲು ಸ್ವಲ್ಪ ಕಂಪ್ಯೂಟರುಗಳಿಗೆ, ತೊಂದರೆ ಕಾಣದಿದ್ದರೆ ಇನ್ನಷ್ಟಕ್ಕೆ. ಯಾರು ಮೊದಲು ಅನ್ನುವುದು ಯಂತ್ರದ ಗುರುತಿನ ಸಂಖ್ಯೆಯ ಮೇಲೆ ತೀರ್ಮಾನವಾಗುತ್ತದೆ. ಇದು ಎರರ್ ಅಲ್ಲ, ಇದಕ್ಕೆ ರಿಪೇರಿಯೂ ಇಲ್ಲ. ನನ್ನ ಪಾಳಿ ಇನ್ನೂ ಬಂದಿಲ್ಲ, ಅಷ್ಟೇ.