ಮಕ್ಕಳ ಉತ್ತರವನ್ನೂ ನಾವೇ ಬರೆದಿಡುವ ಕೋರ್ಸು

ಬಿ.ಎಡ್ ಮುಗಿಸಿದವರನ್ನು ಕೇಳಿ ನೋಡಿ. "ಅಯ್ಯೋ, ರೆಕಾರ್ಡ್ ಬರೆಯೋದು ಬಿಟ್ಟು ಅಲ್ಲೇನಿದೆ" ಅನ್ನುವವರು ಕೆಲವರು, "ಅಂಥ ದಿನಗಳು ಮತ್ತೆ ಬರಲ್ಲ ಬಿಡಿ" ಅನ್ನುವವರು ಕೆಲವರು. ಈಗಷ್ಟೇ ಮುಗಿಸಿರುವ ನನಗೆ ಎರಡೂ ಗುಂಪಿಗೆ ಸೇರುವ ಮನಸ್ಸಿಲ್ಲ. ಕೋರ್ಸು ಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ನನ್ನ ತಕರಾರೆಲ್ಲ ಪಾಠಯೋಜನೆಯ ಒಂದು ಕಾಲಂ ಬಗ್ಗೆ.

ಈ ಹಾದಿಯಲ್ಲಿ ಬಾರದವರಿಗೆ ಸ್ವಲ್ಪ ವಿವರ. ಪಾಠಯೋಜನೆ ಅಂದರೆ ಉದ್ದುದ್ದ ಗೆರೆ ಎಳೆದ ಹಾಳೆ. ಬೋಧನಾಂಶ, ಉದ್ದೇಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕರಿಹಲಗೆ ಕೆಲಸ, ಮೌಲ್ಯಮಾಪನ ಅಂತ ಕಾಲಂಗಳು. ಶಿಕ್ಷಕರ ಕಾಲಂನಲ್ಲಿ ನಾವು ಕೇಳಲಿರುವ ಪ್ರಶ್ನೆ ಬರೆಯಬೇಕು. ಸರಿ, ಅದು ನ್ಯಾಯ. ಆದರೆ ಅದರ ಪಕ್ಕದಲ್ಲಿ ಮಕ್ಕಳು ಕೊಡಲಿರುವ ಉತ್ತರವನ್ನೂ ನಾವೇ ಬರೆಯಬೇಕು! ಹಿಂದಿನ ರಾತ್ರಿ ಕೂತು, ಇನ್ನೂ ಮುಖ ನೋಡದ ಮಕ್ಕಳ ಬಾಯಲ್ಲಿ ಮಾತು ತುರುಕುವ ಕೆಲಸ. ನಮ್ಮ ಹಾಳೆಯ ಮಕ್ಕಳೋ ಮಹಾ ಜಾಣರು. ಒಬ್ಬರೂ ತಪ್ಪು ಹೇಳುವುದಿಲ್ಲ, ಒಬ್ಬರೂ ಕಿಟಕಿ ಕಡೆ ನೋಡುವುದಿಲ್ಲ. "ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು", "ವಿದ್ಯಾರ್ಥಿಗಳು ಸರಿಯಾಗಿ ಉತ್ತರಿಸುವರು". ಬೇಕಿದ್ದರೆ ಹಿಂದಿನ ಬ್ಯಾಚಿನವರ ರೆಕಾರ್ಡ್ ತೆಗೆದು ನೋಡಿ, ಅದೇ ಮಕ್ಕಳು ಅಲ್ಲೂ ಗಮನವಿಟ್ಟು ಆಲಿಸುತ್ತಿರುತ್ತಾರೆ.

ಪಾಠವನ್ನು ಹೀಗೆ ಹಂತ ಹಂತವಾಗಿ ಕತ್ತರಿಸುವುದಕ್ಕೆ ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟ್‌ನ ಹೆಸರು ಹೇಳುತ್ತಾರೆ. ಆತ 1841ರಲ್ಲೇ ತೀರಿಕೊಂಡ. ಹೊಸ ವಿಷಯ ಮನಸ್ಸಿನೊಳಗೆ ಹೇಗೆ ಇಳಿಯುತ್ತದೆ ಅಂತ ಯೋಚಿಸಿ ಆತ ಹೇಳಿದ್ದು ನಾಲ್ಕು ಹಂತ. ಅದನ್ನು ಐದು ಮಾಡಿ, ಯಾವ ಪಾಠಕ್ಕೆ ಬೇಕಾದರೂ ಹೊಂದಿಸಬಹುದಾದ ಅಚ್ಚು ಮಾಡಿಕೊಟ್ಟವರು ಆತನ ಹಿಂದೆ ಬಂದ ಝಿಲ್ಲರ್, ರೈನ್ ಮುಂತಾದವರು. ನಾವು ಪರೀಕ್ಷೆಯಲ್ಲಿ "ಹರ್ಬಾರ್ಟನ ಐದು ಹಂತಗಳು" ಅಂತ ಬರೆದು ಅಂಕ ತಗೊಂಡೆವು. ಅದರ ಮೇಲೆ, ಕಲಿಕೆಯ ಉದ್ದೇಶಗಳನ್ನು ಹಂತ ಹಂತವಾಗಿ ವಿಂಗಡಿಸುವ 1956ರ ಬ್ಲೂಮ್ ವರ್ಗೀಕರಣದ ಒಗ್ಗರಣೆ ಬೇರೆ. ಸ್ಮರಿಸುವನು, ಗುರುತಿಸುವನು, ವ್ಯತ್ಯಾಸ ತಿಳಿಸುವನು. ಎಲ್ಲ ಮಾಡುವವನು ಮಗು, ಬರೆದಿಡುವವರು ನಾವು.

ಮೈಕ್ರೋ ಟೀಚಿಂಗ್ ಕಥೆಯೂ ಇದೇ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಜೊತೆಗಾರರು ಶುರು ಮಾಡಿದಾಗ ಅದೊಂದು ಒಳ್ಳೆಯ ಉಪಾಯ. ಐದು ನಿಮಿಷದ ಪಾಠ, ಒಂದೇ ಕೌಶಲದ ಮೇಲೆ ಗಮನ, ಮುಗಿದ ಮೇಲೆ ಚರ್ಚೆ, ಮತ್ತೆ ಪಾಠ. ಅಲ್ಲಿ ಎದುರಿಗೆ ಕೂರುತ್ತಿದ್ದವರು ನಿಜವಾದ ಶಾಲಾ ಮಕ್ಕಳು. ನಮ್ಮಲ್ಲಿ ಕೂರುವವರು ನಮ್ಮದೇ ಸಹಪಾಠಿಗಳು. ಎಂ.ಎಸ್ಸಿ ಮಾಡಿ ಬಂದವಳು ಏಳನೇ ಕ್ಲಾಸಿನ ಹುಡುಗಿಯ ಹಾಗೆ ಕೈ ಎತ್ತಿ, "ದ್ಯುತಿಸಂಶ್ಲೇಷಣೆ ಮೇಡಂ" ಅನ್ನುವುದು. ಈಗ ನಾನು ಅವಳಿಗೆ ಸರಿ ಉತ್ತರ ಕೊಟ್ಟರೆ ನಾಳೆ ಅವಳು ನನಗೆ ಕೊಡುತ್ತಾಳೆ. ಉತ್ತರದ ಬೆನ್ನು ಹತ್ತಿ ಇನ್ನಷ್ಟು ಕೆದಕಿ ಕೇಳುವ "ಅನುಶೋಧನಾ ಪ್ರಶ್ನೆ" ಕೌಶಲವನ್ನು ನಾವು ಅಭ್ಯಾಸ ಮಾಡಿದ್ದು ಹೀಗೆ, ಶೋಧಿಸುವುದಕ್ಕೆ ಏನೂ ಇಲ್ಲದ ಕಡೆ.

ಪಾಠ ಮಾಡುವುದು ಅಂದರೆ ಬೇರೇನೋ ಅಂತ ಹೊಳೆದದ್ದು ಶಾಲೆಯೊಂದರಲ್ಲಿ ಮಾಡಿದ ಇಂಟರ್ನ್‌ಶಿಪ್‌ನಲ್ಲಿ, ಅದೂ ನಾನು ಪಾಠ ಮಾಡುವಾಗ ಅಲ್ಲ. ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದೆ. ಆ ಶಾಲೆಯ ಗಣಿತದ ಮೇಡಂ ಬೋರ್ಡಿನ ಮೇಲೆ 0.4, 0.35 ಅಂತ ಬರೆದು, ಯಾವುದು ದೊಡ್ಡದು ಅಂತ ಕೇಳಿದರು. ಒಬ್ಬ ಹುಡುಗ ಥಟ್ಟನೆ ಎದ್ದು "0.4" ಅಂದ. ಸರಿ ಉತ್ತರ. ನಮ್ಮ ಪಾಠಯೋಜನೆಯಲ್ಲಾದರೆ ಇಲ್ಲಿ "ಗುಡ್, ಕೂತ್ಕೋ" ಬಂದು, ಮುಂದಿನ ಬೋಧನಾಂಶ ಶುರುವಾಗುತ್ತದೆ.

ಮೇಡಂ "ಹೇಗೆ ಗೊತ್ತಾಯ್ತು?" ಅಂದು ಸುಮ್ಮನೆ ನಿಂತರು. ಹುಡುಗ ಆ ಕಡೆ ಈ ಕಡೆ ನೋಡಿದ. ಅವರು ಸುಳಿವು ಕೊಡಲಿಲ್ಲ, ಬೇರೆಯವರನ್ನು ಎಬ್ಬಿಸಲೂ ಇಲ್ಲ. ಕೊನೆಗೆ ಅವನು, "ಬಿಂದು ಆದ್ಮೇಲೆ ಒಂದೇ ಅಂಕಿ ಇದ್ರೆ ಅದೇ ದೊಡ್ಡದು ಮೇಡಂ, ಎರಡಿದ್ರೆ ಚೂರು ಸಣ್ಣ ಸಣ್ಣ ಆಗತ್ತಲ್ಲ" ಅಂದ. ಮೇಡಂ ತಲೆಯಾಡಿಸಿ 0.3, 0.45 ಅಂತ ಬರೆದರು. ಹುಡುಗ ಅಷ್ಟೇ ಧೈರ್ಯದಿಂದ "0.3" ಅಂದ!

ಅವನ ಉತ್ತರ ಸರಿಯಿತ್ತು, ದಾರಿ ತಪ್ಪಿತ್ತು. ದಾರಿಯೂ ಪೂರ್ತಿ ತಪ್ಪಲ್ಲ ನೋಡಿ. ನೂರನೇ ಒಂದು ಭಾಗ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು ಅನ್ನುವುದು ಅವನಿಗೆ ಗೊತ್ತಿತ್ತು, ಅಂಥವು ಎಷ್ಟಿವೆ ಅಂತ ಎಣಿಸಬೇಕು ಅನ್ನುವುದು ಗೊತ್ತಿರಲಿಲ್ಲ. 35 ದೊಡ್ಡದು, 4 ಚಿಕ್ಕದು, ಹಾಗಾಗಿ 0.35 ದೊಡ್ಡದು ಅನ್ನುವ ಮಕ್ಕಳೂ ಬೇಕಾದಷ್ಟು ಇರುತ್ತಾರೆ. ಅವರು ಬೇಗ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಅವರ ಉತ್ತರವೇ ತಪ್ಪಾಗಿರುತ್ತದೆ. ಇವನಂಥವನು ಎರಡನೇ ಪ್ರಶ್ನೆ ಕೇಳುವವರು ಸಿಗುವವರೆಗೂ ಫುಲ್ ಮಾರ್ಕ್ಸ್ ತಗೊಂಡು ಮುಂದೆ ಹೋಗುತ್ತಿರುತ್ತಾನೆ.

ನನ್ನ ವೀಕ್ಷಣಾ ಪುಸ್ತಕದಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ. ಧ್ವನಿಯ ಏರಿಳಿತ, ಕರಿಹಲಗೆಯ ಬಳಕೆ, ತರಗತಿ ನಿಯಂತ್ರಣ, ಪಾಠೋಪಕರಣ, ಎಲ್ಲಕ್ಕೂ ಒಂದೊಂದು ಚೌಕ. ಪಾಠೋಪಕರಣದ ಮುಂದೆ "ಬಳಸಿಲ್ಲ" ಅಂತ ಬರೆಯಬೇಕಾಯಿತು. ಆ ಫಾರಂ ನೋಡಿದವರು ಮೇಡಂ ಪಾಠ ಸಾಧಾರಣ ಅಂದುಕೊಂಡಿರುತ್ತಾರೆ.

ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದರ ಬಗ್ಗೆ ಮೇರಿ ಬಡ್ ರೋವ್ ಅನ್ನುವ ಸಂಶೋಧಕಿ 1974ರಲ್ಲೇ ಬರೆದಿದ್ದಾರೆ. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದು ಸೆಕೆಂಡು ಅಂತ ಅವರು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು! ಚಾರ್ಟಿಗೆ ಬಣ್ಣ ಹಚ್ಚಿದ ರಾತ್ರಿಗಳ ಲೆಕ್ಕದಲ್ಲಿ ಇದು ಯಾವ ಮೂಲೆಗೆ?

ಇಲ್ಲಿಗೆ ಬಂದಾಗ ಕೆಲವರು, "ಅದಕ್ಕೇ ಹೇಳಿದ್ದು, ಥಿಯರಿ ಎಲ್ಲ ದಂಡ, ಶಾಲೆಗೆ ಕಳಿಸಿಬಿಡಿ, ಕಲೀತಾರೆ" ಅಂತಾರೆ. ನಾನು ಖಂಡಿತ ಒಪ್ಪುವುದಿಲ್ಲ. ಉಳಿದ ಯಾವ ಕೆಲಸವನ್ನೂ ನಾವು ಕಲಿಯುವ ಮೊದಲು ಇಷ್ಟು ವರ್ಷ ಹತ್ತಿರದಿಂದ ನೋಡಿರುವುದಿಲ್ಲ. ವಿದ್ಯಾರ್ಥಿಗಳಾಗಿ ಸಾವಿರಾರು ಗಂಟೆ ಮೇಷ್ಟ್ರನ್ನು ನೋಡಿಯೇ ಬೆಳೆದಿದ್ದೇವೆ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಮೇಷ್ಟ್ರು ಮಾಡುವುದು ನಮಗೆ ಕಾಣಿಸಿದೆ, ಯಾಕೆ ಹಾಗೆ ಮಾಡಿದರು ಅನ್ನುವುದು ಕಾಣಿಸಿಲ್ಲ. ನೇರ ಕ್ಲಾಸಿಗೆ ಬಿಟ್ಟರೆ ನಮಗೆ ಪಾಠ ಮಾಡಿದವರ ನಕಲು ಹೊಡೆಯುತ್ತೇವೆ, ಅವರ ಗದರಿಕೆ ಸಮೇತ. ಆ ಅಭ್ಯಾಸ ಮುರಿಯುವುದಕ್ಕೆ ಓದು ಬೇಕೇ ಬೇಕು.

ಆದರೆ ಯಾವ ಓದು? ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ನಮಗೆ ಸಿಕ್ಕಿದ್ದು ನಾಲ್ಕು ಹಂತ, ಅವುಗಳ ಎದುರು ವಯಸ್ಸು, ಬಾಯಿಪಾಠ. ಆತ ಆ ದಾರಿ ಹಿಡಿದದ್ದು ಹೇಗೆ ಅನ್ನುವುದನ್ನು ನಾನು ಆಮೇಲೆ ಓದಿಕೊಂಡೆ. 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆ ಕೊಡುವ ಕೆಲಸ ಆತನದು. ಸರಿ ಉತ್ತರ ಎಣಿಸಿ ಅಂಕ ಹಾಕಿದರೆ ಮುಗಿಯುತ್ತಿತ್ತು. ಆತನ ಕುತೂಹಲ ಹೋದದ್ದು ತಪ್ಪು ಉತ್ತರಗಳ ಕಡೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ಯಾಕೆ ತಪ್ಪುತ್ತಾರೆ ಅಂತ ಅವರನ್ನೇ ಕೂರಿಸಿಕೊಂಡು ಮಾತಾಡಿಸಿದ. ಅಂಥವನ ಹೆಸರಿನ ಅಧ್ಯಾಯ ಓದಿ ಬಂದು ಅದೇ ಸಂಜೆ "ವಿದ್ಯಾರ್ಥಿಗಳು ಸರಿಯಾಗಿ ಉತ್ತರಿಸುವರು" ಅಂತ ಬರೆಯುತ್ತಿದ್ದೆವಲ್ಲ!

ನಾನು ಕೇಳುವುದು ಇಷ್ಟೇ. ಆ ಕಾಲಂ ತೆಗೆಯುವುದು ಬೇಡ, ಪಾಠಕ್ಕೆ ಮುಂಚೆ ಖಾಲಿ ಬಿಡಿ. ಪಾಠ ಮುಗಿಸಿ ಬಂದು, ಮಕ್ಕಳು ನಿಜವಾಗಿ ಏನು ಹೇಳಿದರೋ ಅದನ್ನು ಅವರದೇ ಮಾತಿನಲ್ಲಿ ಬರೆಯಲಿ. ಬೇಕಿದ್ದರೆ ಮೊದಲೇ ಬರೆಸಿ, ಆದರೆ ಬರಬಹುದಾದ ತಪ್ಪು ಉತ್ತರಗಳನ್ನು ಬರೆಸಿ. ಮಾರ್ಗದರ್ಶಕರು ಅಂಡರ್‌ಲೈನ್ ನೇರ ಇದೆಯಾ ಅಂತ ನೋಡುವ ಸಮಯದಲ್ಲಿ ಅದನ್ನೊಂದು ಓದಲಿ. ಇಂಟರ್ನ್‌ಶಿಪ್‌ನ ಕೊನೆಕೊನೆಗೆ ನಾನು ಇದನ್ನು ಮಾಡಿ ನೋಡಿದೆ. ಪೆನ್ಸಿಲ್‌ನಲ್ಲಿ, ಪಾಠವಾದ ಮೇಲೆ. ಪರಿಶೀಲನೆಗೆ ಹೋದ ರೆಕಾರ್ಡು "ಪೆನ್ನಿನಲ್ಲಿ ಬರೆಯಿರಿ" ಅನ್ನುವ ಷರಾದೊಂದಿಗೆ ವಾಪಸ್ ಬಂತು.

"ಅರವತ್ತು ಮಕ್ಕಳ ಕ್ಲಾಸಲ್ಲಿ ಇದೆಲ್ಲ ಆಗತ್ತಾ, ಸಿಲಬಸ್ ಯಾರು ಮುಗಿಸ್ತಾರೆ" ಅಂತ ಜೊತೆಗೆ ಓದಿದ ಗೆಳೆಯನೊಬ್ಬ ವಾದ ಮಾಡಿದ. ಅವನ ಮಾತಲ್ಲೂ ಹುರುಳಿದೆ, ಅರವತ್ತು ಜನರನ್ನೂ ಕೇಳುತ್ತಾ ಕೂರಲು ಯಾರಿಂದಲೂ ಆಗದು. ಆದರೆ ಒಂದು ಪೀರಿಯಡ್ಡಿಗೆ ಒಬ್ಬರನ್ನು, ಅದೂ ಸರಿ ಉತ್ತರ ಕೊಟ್ಟವರನ್ನು, "ಹೇಗೆ ಗೊತ್ತಾಯ್ತು?" ಅಂತ ಕೇಳಬಹುದು. ಅದಕ್ಕೆ ಸಿಲಬಸ್ ಅಡ್ಡ ಬರುವುದಿಲ್ಲ.