ಜ್ವರ ಬಂದಿತ್ತಾ ಅಂತ ಅಮ್ಮನನ್ನು ಕೇಳಬೇಡಿ

ಹೋದ ತಿಂಗಳು ಮನೆಗೆ ಬಂದಿದ್ದ ಚಿಕ್ಕಪ್ಪ ಮೊಬೈಲಲ್ಲಿ ಏನೋ ಓದಿ ಅಮ್ಮನನ್ನು ಕೇಳಿದರು: "ಅತ್ತಿಗೆ, ದೊಡ್ಡವನು ಹೊಟ್ಟೇಲಿದ್ದಾಗ ನಿಮಗೆ ಜ್ವರ ಬಂದಿತ್ತಾ? ಅದರಿಂದಲೇ ಸ್ಕಿಜೋಫ್ರೇನಿಯಾ ಬರುತ್ತಂತೆ." ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಆ ಮನೋರೋಗ ಇರುವುದು ಅಣ್ಣನಿಗೆ. ಅವನು ಪಕ್ಕದ ಕೋಣೆಯಲ್ಲೇ ಇದ್ದ. ಅಮ್ಮ ಮಾತಾಡಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಅಂದಳು, "ಐದು ತಿಂಗಳಿದ್ದಾಗ ಬಂದಿತ್ತು ಕಣೋ. ನಾಟಿ ಟೈಮು. ಗದ್ದೆಗೆ ಹೋಗೋದು ಬಿಡಲಿಲ್ಲ ನಾನು."

ಮಾಟ, ಗ್ರಹಚಾರ, ಸಾಕಿದ ರೀತಿ ಸರಿಯಿಲ್ಲ, ಇಷ್ಟು ವರ್ಷದಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಈಗ ಇದೊಂದು.

ಚಿಕ್ಕಪ್ಪ ಓದಿದ್ದು ಸುಳ್ಳಲ್ಲ, ಆದರೆ ಅರ್ಧ. 1957ರ ಫ್ಲೂ ಹಾವಳಿಯ ಹೊತ್ತಿಗೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಾಲ್ಕರಿಂದ ಆರು ತಿಂಗಳ ಬಸುರಿಯರಾಗಿದ್ದವರ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚು ಕಂಡಿತೆಂದು ಸಂಶೋಧಕ ಮೆಡ್ನಿಕ್ ಅವರ ತಂಡ 1988ರಲ್ಲಿ ಬರೆಯಿತು. ಯಾವ ತಾಯಿಗೆ ನಿಜಕ್ಕೂ ಜ್ವರ ಬಂದಿತ್ತು ಅಂತ ಅವರು ನೋಡಿರಲಿಲ್ಲ. ಊರಲ್ಲಿ ಫ್ಲೂ ಇತ್ತು, ಆಕೆ ಬಸುರಿ, ಅಷ್ಟೇ ಲೆಕ್ಕ. 2004ರಲ್ಲಿ ಅಲನ್ ಬ್ರೌನ್ ತಂಡ ಕ್ಯಾಲಿಫೋರ್ನಿಯಾದಲ್ಲಿ ದಶಕಗಳಿಂದ ಕಾದಿಟ್ಟಿದ್ದ ಬಸುರಿಯರ ರಕ್ತವನ್ನೇ ಪರೀಕ್ಷಿಸಿತು. ಬಸುರಿನ ಮೊದಲರ್ಧದಲ್ಲಿ ಫ್ಲೂ ತಗುಲಿದ್ದರೆ ಅಪಾಯ ಹೆಚ್ಚಿರುವಂತೆ ಕಂಡಿತು. ಬೇರೆ ಹಲವು ಅಧ್ಯಯನಗಳಲ್ಲಿ ಅಂಥ ನಂಟೇ ಸಿಗಲಿಲ್ಲ. ಇಲಿಗಳ ಮೇಲಿನ ಪ್ರಯೋಗಗಳು ಇನ್ನೊಂದು ಹೇಳುತ್ತವೆ: ಮಗುವಿನ ಮಿದುಳಿನ ಬೆಳವಣಿಗೆಯನ್ನು ತಟ್ಟುವುದು ವೈರಸ್ಸಿಗಿಂತ ಹೆಚ್ಚಾಗಿ ಅದರ ವಿರುದ್ಧ ತಾಯಿಯ ಮೈ ಹೂಡುವ ಹೋರಾಟ.

ನಂಟಿದೆ ಅಂತಲೇ ಇಟ್ಟುಕೊಳ್ಳೋಣ. ಬಸುರಲ್ಲಿ ಜ್ವರ ಬಂದ ಬಹುಪಾಲು ತಾಯಂದಿರ ಮಕ್ಕಳಿಗೆ ಈ ಕಾಯಿಲೆ ಬರುವುದೇ ಇಲ್ಲ. ಒಂದೇ ಗರ್ಭದಲ್ಲಿ ಬೆಳೆದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದಾಗಲೂ ಎಷ್ಟೋ ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಿರುವಾಗ ಯಾವ ಲೆಕ್ಕದಲ್ಲಿ ಅಮ್ಮನ ಆ ಮೂರು ದಿನದ ಜ್ವರವನ್ನು ಬೆಟ್ಟು ಮಾಡಿ ತೋರಿಸುತ್ತೀರಿ? ಬಸುರಿಯರಿಗೆ ಫ್ಲೂ ಲಸಿಕೆ ಹಾಕಿಸಿ, ಜ್ವರ ಬಂದರೆ ಕೆಲಸ ಬಿಡಿಸಿ ಮಲಗಿಸಿ. ಅಮ್ಮನಿಗೆ ಅದನ್ನು ಅಂದು ಯಾರೂ ಮಾಡಲಿಲ್ಲ.

ಜ್ವರದ ಬಗ್ಗೆ ಕೇಳಲೇಬೇಕಾದ ಜಾಗ ಬೇರೆ ಇದೆ. ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಏನೇನೋ ಮಾತಾಡತೊಡಗಿದರೆ, ಜೊತೆಗೆ ಜ್ವರವೋ ಫಿಟ್ಸೋ ಇದ್ದರೆ, ಸ್ಕಿಜೋಫ್ರೇನಿಯಾದಂತೆ ಕಂಡರೂ ಅದು ಮಿದುಳಿನ ಉರಿಯೂತವಿರಬಹುದು. 2007ರಲ್ಲಿ ವೈದ್ಯ ಡಾಲ್ಮೌ ಅವರ ತಂಡ ಗುರುತಿಸಿದ ಎನ್‌ಎಂಡಿಎ ಎನ್ಸೆಫಲೈಟಿಸ್ ಅಂಥದ್ದು. ಇದರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುತ್ತದೆ, ಕೆಲವರಲ್ಲಿ ಮಿದುಳಿಗೆ ತಗುಲಿದ ಹರ್ಪಿಸ್ ವೈರಸ್ ಸೋಂಕಿನ ಬೆನ್ನಿಗೇ ಬರುತ್ತದೆ. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ, ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಅಂಥವರನ್ನು ಕರೆದುಕೊಂಡು ಹೋದಾಗ ಡಾಕ್ಟರ್ ಕೇಳದಿದ್ದರೂ ಜ್ವರ ಇತ್ತು ಅಂತ ನೀವೇ ಹೇಳಿ.